ಗೆರೆ ಎಳೆದವನು

ಗೋಣಿಕೊಪ್ಪದ ಮಾರ್ಕೆಟ್ ಹಿಂದೆ ಹಂಸಾಕನ ಮೆಣಸಿನ ಮಂಡಿ.
ರಾತ್ರಿ ಒಂದೂಕಾಲು.
ತಕ್ಕಡಿಯ ತಟ್ಟೆಯ ಮೇಲೆ ನಿಲ್ಲಿಸಿಟ್ಟ ಫೋನಿನಲ್ಲಿ
ಯಾವುದೋ ದೇಶದ ಯಾವುದೋ ಊರು.
ಅದರ ಹೆಸರು ಓದಲು ನಾವು ಮೂವರೂ ನೋಡಿದೆವು,
ಮೂರು ಊರಾಯಿತು.

ಗ್ಯಾಲರಿಯಲ್ಲಿ ಹದಿಮೂರು ಮಂದಿ. ಎಣಿಸಿದ್ದು ನಾನೇ.
ಒಬ್ಬ ಮಲಗಿದ್ದ.
ಇನ್ನೂರ ಹನ್ನೊಂದನೇ ರ‍್ಯಾಂಕಿನ ಹುಡುಗ,
ಒಂದು ಕಾಲುಚೀಲ ಮೇಲೆ, ಇನ್ನೊಂದು ಜಾರಿದ್ದು,
ಮೊದಲ ಸೆಟ್ಟು ಗೆದ್ದು ಎರಡನೆಯದರಲ್ಲಿ ನಾಲ್ಕು-ಒಂದು.
ನಮ್ಮ ದುಡ್ಡು ಅವನ ಮೇಲೆ:
ನನ್ನದು ಆರು ಸಾವಿರ, ಪೂವಯ್ಯನದು ಹತ್ತು,
ಹಂಸಾಕ ಹೇಳುವುದಿಲ್ಲ.

ಆಗ ರೇಟು ಅಲುಗಿತು.
ಚೆಂಡು ಏಳುವ ಮೊದಲೇ.
ಹೂಮಳೆಗೆ ಮುಂಚೆ ಇರುವೆಗಳು ಮೊಟ್ಟೆ ಹೊತ್ತು ಸಾಲು ಹಿಡಿಯುತ್ತವಲ್ಲ,
ಹಾಗೆ ಎಲ್ಲಿಂದಲೋ ಯಾರದೋ ದುಡ್ಡು
ಸೋಲುತ್ತಿದ್ದವನ ಕಡೆಗೆ ಹೊರಟಿತ್ತು.

ಡಬಲ್ ಫಾಲ್ಟ್.
ಮತ್ತೊಂದು.
ಮೂರನೆಯದು ನೆಟ್ಟಿನ ಬುಡಕ್ಕೆ.
"ತಗೊಂಡಿದ್ದಾನೆ," ಎಂದ ಪೂವಯ್ಯ.
ಎದ್ದು ಅಂಗಿಯ ಗುಂಡಿ ಹಾಕಿಕೊಂಡ,
ಸಾಕ್ಷಿ ಹೇಳಲು ಕೋರ್ಟಿಗೆ ಹೊರಟವನಂತೆ.

ಮೋಸ ನಮಗೆ ಹೊಸತೇನಲ್ಲ.
ನೀರು ಚಿಮುಕಿಸಿದ ಮೆಣಸು ಅಂಗೈಗೆ ಬಂದರೆ ಸಾಕು,
ಮೀಟರು ಹನ್ನೊಂದು ಎಂದರೂ
ಹಂಸಾಕ ಒಂದು ಕಾಳು ಕಚ್ಚಿ "ಹದಿನಾಲ್ಕು" ಅನ್ನುತ್ತಾನೆ.
ಮೀಟರು ಎಷ್ಟು ಸುಳ್ಳು ಹೇಳುತ್ತದೆಂದೂ ಅವನಿಗೆ ಗೊತ್ತು.
ಮೀಟರು ಅವನದೇ.
ಈ ಹುಡುಗನನ್ನು ಕಚ್ಚಿ ನೋಡುವುದು ಹೇಗೆ?

ಮೂಲೆಯಲ್ಲಿ, ಗೋಣಿಚೀಲದ ಮೇಲೆ, ಚಾತುಕುಟ್ಟಿ.
ಮೂವತ್ತೆಂಟು ವರ್ಷ ಪ್ಲಾಂಟರ್‌ಗಳ ಕ್ಲಬ್ಬಿನಲ್ಲಿ ಟೆನಿಸ್ ಮಾರ್ಕರ್,
ಈಗ ಮಂಡಿಯ ರಾತ್ರಿ ಕಾವಲು.
ದುಡ್ಡು ಕಟ್ಟುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ.
"ಚೆಂಡು ಎತ್ತುವ ಕೈ ನೋಡಿ," ಎಂದ.
"ತಲೆಯ ಹಿಂದೆ ಹೋಗ್ತಾ ಉಂಟು.
ಕಾಸು ತಗೊಂಡವನ ಕೈ ಅಷ್ಟು ನಡುಗುವುದಿಲ್ಲ.
ಅದು ಗೆಲ್ಲುವ ಹೆದರಿಕೆ."

"ಕಾಸು ತಗೊಂಡವನ ಕೈ ನಿಂಗೆಂತ ಗೊತ್ತು?"

ಚಾತುಕುಟ್ಟಿ ಜೇಬಲ್ಲಿ ಬೀಡಿ ಹುಡುಕಿದ. ಸಿಗಲಿಲ್ಲ.
"ಎಪ್ಪತ್ತೊಂಬತ್ತು. ಕ್ಲಬ್ಬಿನ ಫೈನಲ್ಲು. ಇಬ್ಬರು ದೊರೆಗಳು.
ಹೆಸರು ಬೇಡ, ಒಬ್ಬರ ಮೊಮ್ಮಗ ನಮಗೇ ಮೆಣಸು ಹಾಕ್ತಾರೆ.
ಬೆಳಗ್ಗೆ ಐದಕ್ಕೆ ಸುಣ್ಣದ ಗೆರೆ ಎಳೆಯುವವನು ನಾನು.
ಎಡಗೈ ದೊರೆಯ ಹೊಡೆತ ಬೀಳುವ ಮೂಲೆಯಲ್ಲಿ, ಎರಡು ಕಡೆಯೂ,
ಗೆರೆಯನ್ನು ಎರಡು ಬೆರಳು ಒಳಗೆ ತಂದೆ.
ಇಪ್ಪತ್ತು ರೂಪಾಯಿ.
ಆ ದಿನ ಒಂದು ಸುಳ್ಳು 'ಔಟ್' ಕೂಗಲಿಲ್ಲ ನಾನು.
ಗೆರೆ ಇದ್ದಲ್ಲಿ ಗೆರೆ, ಚೆಂಡು ಬಿದ್ದಲ್ಲಿ ಚೆಂಡು.
ಕೈಯಾ? ಕಲ್ಲಿನ ಹಾಗೆ ಇತ್ತು."

ಹಂಸಾಕ ಅವನನ್ನು ನೋಡಿದ,
ಆರು ವರ್ಷದಲ್ಲಿ ಮೊದಲ ಸಲ ಗೌರವದಿಂದ.
ಬೀಡಿ ಕೊಟ್ಟ.

ಎರಡನೆಯ ಸೆಟ್ಟು ಹೋಯಿತು.
ಚಾತುವಿನ ಮಾತು ನಿಜವೆನಿಸಿತು, ಆದರೂ ಬಿಟ್ಟೆವು,
ಇರುವೆಸಾಲಿನ ಹಿಂದೆ ಹೊರಟೆವು.
ಹಳೆಯ ಬಾಜಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟು
ಉಳಿದದ್ದನ್ನೆಲ್ಲ ಹುಡುಗನ ಸೋಲಿಗೆ ಕಟ್ಟಿದೆವು.
ಮೋಸವೇ ಆಗುವುದಾದರೆ
ಅದರಲ್ಲಿ ನಮ್ಮದೂ ಒಂದು ಪಾಲಿರಲಿ ಎಂದು.

ಹುಡುಗ ಗೆದ್ದ.
ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದು ಧೂಳು ಎದ್ದಿತು.
ಕುರ್ಚಿಯಲ್ಲಿ ಕುಸಿದು ಟವೆಲಿನಲ್ಲಿ ಮುಖ ಮುಚ್ಚಿಕೊಂಡ,
ಹೆಗಲು ಅಲುಗುತ್ತಿತ್ತು.
ಹದಿಮೂರರಲ್ಲಿ ಹನ್ನೆರಡು ಮಂದಿ ಚಪ್ಪಾಳೆ ತಟ್ಟಿದರು.

"ನೋಡಿದಿರಾ," ಎಂದ ಪೂವಯ್ಯ, "ಇದೂ ಫಿಕ್ಸು.
ನಾವು ತಿರುಗಿಸಿದ್ದು ಅವರಿಗೆ ಗೊತ್ತಾಗಿದೆ."
ಆ ಊರಿಗೆ, ಆ ಹುಡುಗನಿಗೆ,
ಗೋಣಿಕೊಪ್ಪದ ನಮ್ಮ ಮೂವರ ಗುರುತು ಹತ್ತಿದೆ ಎಂಬುದು
ಯಾಕೋ ಸ್ವಲ್ಪ ಸಮಾಧಾನವನ್ನೇ ಕೊಟ್ಟಿತು.

ಹಂಸಾಕ ಫೋನು ಎತ್ತಿ ಜೇಬಿಗಿಳಿಸಿದ.
ತಟ್ಟೆಯ ಮೇಲೆ ಏನೂ ಇರಲಿಲ್ಲ.
ತಕ್ಕಡಿ ನೂರ ನಲವತ್ತು ಗ್ರಾಮು ತೋರಿಸುತ್ತಿತ್ತು.